ಲಾರಿಗೆ ಸಾಮಾನು ಹೇರುವ ವಿಜ್ಞಾನ

ಸುಗ್ಗಿಯ ಕೆಲಸ ಮುಗಿದು ಬೇಸಗೆ ಕಾಲಿಟ್ಟಿತೆಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲ ಬಂದಿತೆಂದೇ ಅರ್ಥ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಹಗಲು ಹೊಲದಲ್ಲಿ ದುಡಿಯುವವರು, ಮಗ್ಗ ನಡೆಸುವವರು, ಅಂಗಡಿಯಲ್ಲಿ ಕುಳಿತುಕೊಳ್ಳುವವರು, ಪಾಠ ಹೇಳುವವರು ರಾತ್ರಿ ಬಣ್ಣ ಹಚ್ಚಿ, 'ಕುರುಕ್ಷೇತ್ರ'ದ ಕೃಷ್ಣನೋ ದುರ್ಯೋಧನನೋ ಆಗಿ ಬೆಳಗಾಗುವವರೆಗೆ ರಂಗದ ಮೇಲೆ ನಿಲ್ಲುತ್ತಾರೆ. ಇವರಿಗೆ ಸಂಭಾವನೆಯಿಲ್ಲ, ಕೈಯಿಂದಲೇ ಹಣ ಹಾಕಿ ಆಡುವವರೇ ಹೆಚ್ಚು. ನಾಟಕದ ಮೇಲಿನ ಅಭಿಮಾನವೊಂದೇ ಇವರ ಬಂಡವಾಳ.

ಇಂತಹ ಅಭಿಮಾನಿಗಳು ಆಗಾಗ ಒಂದೆಡೆ ಸೇರಿ ಸಮಾವೇಶ ನಡೆಸುವುದುಂಟು. ಆಗ ರಂಗದ ಹಲಗೆಗಳು, ಕಬ್ಬಿಣದ ಕಂಬಗಳು, ಪರದೆಗಳು, ಸಿಂಹಾಸನ, ಕಿರೀಟ ಗದೆಗಳ ಪೆಟ್ಟಿಗೆಗಳು, ಕಾಲು ಹಾರ್ಮೋನಿಯಂ, ಧ್ವನಿವರ್ಧಕಗಳು, ಜನರೇಟರು ಇವೆಲ್ಲವೂ ಊರಿಂದೂರಿಗೆ ಹೋಗಬೇಕು. ಈ ಸಮಸ್ಯೆ ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ವಿಜ್ಞಾನ ಕಥೆಗಳ ಅಭಿಮಾನಿಗಳು 1939ರಲ್ಲಿ ನ್ಯೂಯಾರ್ಕ್ ನಗರದಲ್ಲಿ ತಮ್ಮ ಮೊದಲನೆಯ ವಿಶ್ವ ಸಮ್ಮೇಳನವನ್ನು ನಡೆಸಿದರು. ಆ ಸಮ್ಮೇಳನವು ಇಂದಿಗೂ ಸ್ವಯಂಸೇವಕರ ದುಡಿಮೆಯಿಂದಲೇ ನಡೆಯುತ್ತದೆ. ಎಲ್ಲೆಡೆಯಲ್ಲಿಯೂ ರಂಗದ ಮೇಲೆ ನಿಂತವರ ಹೆಸರು ಉಳಿಯುತ್ತದೆ, ಲಾರಿಗೆ ಸಾಮಾನು ಹೇರಿದವರ ಹೆಸರು ಮರೆತುಹೋಗುತ್ತದೆ. ಆದರೆ ಅಪಾಯವಿರುವುದು ಎರಡನೆಯವರಿಗೆ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಮಾವೇಶದಲ್ಲಿ ನಾನೂ ಕಾರ್ಯಕರ್ತನಾಗಿದ್ದೆ. ನಾಟಕ ಮುಗಿದಾಗ ಬೆಳಗಿನ ಜಾವ. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ನಾಲ್ವರು ಯುವಕರು 120 ಕಿಲೋಗ್ರಾಂ ತೂಕದ ಜನರೇಟರನ್ನು ಬರಿಗೈಯಿಂದಲೇ ಲಾರಿಗೆ ಎತ್ತಲು ಬಗ್ಗಿದರು. ಅವರಲ್ಲೊಬ್ಬ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟಾದ ಹುಡುಗ, "ಅಯ್ಯೋ" ಎಂದು ಅಲ್ಲಿಯೇ ಕುಸಿದ. ಮುಂದೆ ಮೂರು ತಿಂಗಳು ಅವನು ಮಗ್ಗದ ಮುಂದೆ ನಿಲ್ಲಲಿಲ್ಲ. ಮನೆಗೆ ಕೂಲಿ ಬರಲಿಲ್ಲ. ಅದೇ ಬೆಳಗ್ಗೆ, ತುಂಬಿದ ಲಾರಿಯ ನೆತ್ತಿಯ ಮೇಲೆ ಹತ್ತು ಮಂದಿ ಹುಡುಗರು ಹತ್ತಿ ಕುಳಿತರು. ಒಂದು ತಿರುವಿನಲ್ಲಿ ಲಾರಿ ಕ್ಷಣಕಾಲ ವಾಲಿ, ಮತ್ತೆ ನೆಟ್ಟಗಾಯಿತು. ಮೇಲಿದ್ದ ಟ್ರಂಕೊಂದು ಉರುಳಿ ರಸ್ತೆಗೆ ಬಿದ್ದಿತು. ಅದರ ಮೇಲೆ ಕುಳಿತಿದ್ದ ಹುಡುಗ ಹಗ್ಗ ಹಿಡಿದುಕೊಂಡಿದ್ದುದರಿಂದ ಉಳಿದುಕೊಂಡ.

ಆ ಯುವಕರಲ್ಲಿ ಬಲಕ್ಕೆ ಕೊರತೆಯಿರಲಿಲ್ಲ, ಉತ್ಸಾಹಕ್ಕಂತೂ ಇರಲೇ ಇಲ್ಲ. ಕೊರತೆಯಿದ್ದುದು ತಿಳಿವಳಿಕೆಗೆ. ಭಾರವೆಂದರೆ ತಕ್ಕಡಿ ತೋರಿಸುವ ಅಂಕಿ ಮಾತ್ರವಲ್ಲ. ಆ ಭಾರ ಎಲ್ಲಿದೆ, ಎಷ್ಟು ದೂರದಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಮನುಷ್ಯನ ಬೆನ್ನಿಗೂ ಲಾರಿಯ ಚೌಕಟ್ಟಿಗೂ ಅನ್ವಯಿಸುವ ನಿಯಮಗಳು ಒಂದೇ. ಅವುಗಳನ್ನು ಮೂರು ಮಾತುಗಳಲ್ಲಿ ಹೇಳಬಹುದು: ಹತ್ತಿರ, ತಗ್ಗು, ಬಿಗಿ. ಇವುಗಳ ಅರ್ಥವೇನೆಂಬುದನ್ನು ಒಂದೊಂದಾಗಿ ನೋಡೋಣ.

ಬೆನ್ನೆಂಬ ಸನ್ನೆ

ಕಲ್ಲುಕೆಲಸದವರು ಹಾರೆಯಿಂದ ಬಂಡೆಯನ್ನು ಮೀಟುವುದನ್ನು ವಾಚಕರು ನೋಡಿರಬಹುದು. ಹಾರೆಯ ತುದಿಯ ಬಳಿ ಒಂದು ಚಿಕ್ಕ ಕಲ್ಲನ್ನು ಆನಿಕೆಯಾಗಿ ಇಟ್ಟು, ಉದ್ದವಾದ ಭಾಗವನ್ನು ಕೈಯಲ್ಲಿ ಹಿಡಿದು ಅದುಮುತ್ತಾರೆ. ಆನಿಕೆಯಿಂದ ಕೈಗಿರುವ ದೂರವು ಬಂಡೆಗಿರುವ ದೂರದ ಹತ್ತರಷ್ಟಿದ್ದರೆ, 20 ಕಿಲೋಗ್ರಾಂ ಒತ್ತಿಗೆ 200 ಕಿಲೋಗ್ರಾಂ ಬಂಡೆ ಏಳುತ್ತದೆ. ಇದೇ ಸನ್ನೆಯ ನಿಯಮ.

ನಮ್ಮ ಬೆನ್ನೂ ಒಂದು ಸನ್ನೆಯೇ. ಆದರೆ ತಿರುಗುಮುರುಗಾದ ಸನ್ನೆ. ಸೊಂಟದ ಬಳಿ ಬೆನ್ನುಮೂಳೆಯ ಕೊನೆಯ ಮಣಿಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ನಾವು ಬಗ್ಗಿದಾಗ ಆನಿಕೆ ಅಲ್ಲಿರುತ್ತದೆ. ದೇಹವನ್ನು ಮೇಲಕ್ಕೆಳೆಯುವ ಸ್ನಾಯುಗಳು ಆ ಆನಿಕೆಯಿಂದ ಸುಮಾರು 5 ಸೆಂಟಿಮೀಟರ್ ಮಾತ್ರ ಹಿಂದೆ ಇವೆ. ಕೈಯಲ್ಲಿರುವ ಹೊರೆಯಾದರೋ 50 ಸೆಂಟಿಮೀಟರ್ ಮುಂದೆ ಇರಬಹುದು. ಅಂದರೆ ಉದ್ದನೆಯ ತೋಳು ಹೊರೆಯ ಪಾಲಿಗೆ, ಗಿಡ್ಡನೆಯ ತೋಳು ನಮ್ಮ ಪಾಲಿಗೆ.

ಲೆಕ್ಕ ಹಾಕೋಣ. ಹೊರೆ 20 ಕಿಲೋಗ್ರಾಂ, ದೂರ 50 ಸೆಂಟಿಮೀಟರ್. ಇದರೊಂದಿಗೆ ಬಗ್ಗಿದ ದೇಹದ ಮೇಲ್ಭಾಗವನ್ನೂ ಸ್ನಾಯುಗಳು ಎತ್ತಬೇಕು; ಅದು ಸುಮಾರು 40 ಕಿಲೋಗ್ರಾಂ, ಅದರ ದೂರ 25 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಎರಡು ಗುಣಲಬ್ಧಗಳನ್ನೂ ಕೂಡಿ 5ರಿಂದ ಭಾಗಿಸಿದರೆ 400 ಬರುತ್ತದೆ. ಇಪ್ಪತ್ತು ಕಿಲೋಗ್ರಾಂ ಪೆಟ್ಟಿಗೆಗಾಗಿ ಸ್ನಾಯುಗಳು 400 ಕಿಲೋಗ್ರಾಂ ಬಲದಿಂದ ಎಳೆಯಬೇಕಾಯಿತು! ಆ ಎಳೆತವೆಲ್ಲ ಮಣಿಗಳ ನಡುವಣ ಬಿಲ್ಲೆಯನ್ನು ಹಿಸುಕುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಬಿಲ್ಲೆಯ ಮೇಲಿನ ಒತ್ತಡ ಸುಮಾರು 350 ಕಿಲೋಗ್ರಾಂ ಮೀರದಿರಲೆಂದು ಎಣಿಸಿ, ಎಲ್ಲ ಅನುಕೂಲಗಳೂ ಇದ್ದಾಗಲೂ ಒಬ್ಬನು ಎತ್ತಬಹುದಾದ ಹೊರೆಗೆ 23 ಕಿಲೋಗ್ರಾಂ ಮಿತಿಯನ್ನು 1991ರ ತಮ್ಮ ಸೂತ್ರದಲ್ಲಿ ಹಾಕಿದರು. ಅನುಕೂಲ ತಪ್ಪಿದಂತೆಲ್ಲ ಈ ಮಿತಿ ಇಳಿಯುತ್ತದೆ.

ಈಗ ಅದೇ ಪೆಟ್ಟಿಗೆಯನ್ನು ಬೇರೆ ರೀತಿಯಲ್ಲಿ ಎತ್ತೋಣ. ಪೆಟ್ಟಿಗೆಯ ಹತ್ತಿರಕ್ಕೆ ಹೋಗಿ, ಕಾಲುಗಳನ್ನು ಸ್ವಲ್ಪ ಅಗಲಿಸಿ, ಮಂಡಿ ಮಡಿಸಿ ಕುಳಿತು, ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ತೊಡೆಯ ಬಲದಿಂದ ಏಳಬೇಕು. ಹೊರೆಯ ದೂರ 25 ಸೆಂಟಿಮೀಟರ್, ದೇಹದ ಮೇಲ್ಭಾಗದ ದೂರ 5 ಸೆಂಟಿಮೀಟರ್ ಆಯಿತೆನ್ನೋಣ. ಸ್ನಾಯುಗಳ ಎಳೆತ 140 ಕಿಲೋಗ್ರಾಂಗೆ ಇಳಿಯಿತು. ಪೆಟ್ಟಿಗೆ ಬದಲಾಗಲಿಲ್ಲ, ಮನುಷ್ಯ ಬದಲಾಗಲಿಲ್ಲ. ದೂರ ಬದಲಾಯಿತು, ಅಷ್ಟೆ. ಎತ್ತಿದ ಮೇಲೆ ಸೊಂಟವನ್ನು ತಿರುಚಬಾರದು; ಪಾದಗಳನ್ನೇ ಸರಿಸಿ ತಿರುಗಬೇಕು. ಬಗ್ಗಿದ ಬೆನ್ನು ತಿರುಚಿಕೊಂಡಾಗಲೇ ಬಿಲ್ಲೆಗಳಿಗೆ ಹೆಚ್ಚಿನ ಕೇಡು.

ನಮ್ಮ ಹಿರಿಯರಿಗೆ ಇದು ಅನುಭವದಿಂದ ತಿಳಿದಿತ್ತು. ತಲೆಯ ಮೇಲೆ ಸಿಂಬೆಯಿಟ್ಟು ಹೊತ್ತ ಹೊರೆಯ ಭಾರ ನೇರವಾಗಿ ಬೆನ್ನುಮೂಳೆಯ ಮೇಲಿಳಿಯುತ್ತದೆ. ಮುಂದಕ್ಕೆ ಚಾಚಿದ ತೋಳಿಲ್ಲ. ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲುಗಂಬಗಳ ಮೇಲೆ ಅಡ್ಡ ಚಪ್ಪಡಿಯನ್ನಿಟ್ಟು ನಿಲ್ಲಿಸಿದ ಹೊರೆಗಲ್ಲುಗಳನ್ನು ಕೆಲವೆಡೆ ಕಾಣಬಹುದು. ದಾರಿಹೋಕನು ತಲೆಹೊರೆಯನ್ನು ಅದರ ಮೇಲಕ್ಕೆ ಜಾರಿಸಿ ದಣಿವಾರಿಸಿಕೊಂಡು, ಮತ್ತೆ ಹಾಗೆಯೇ ತಲೆಗೇರಿಸಿಕೊಳ್ಳುತ್ತಿದ್ದನು. ಹೊರೆಯನ್ನು ನೆಲಕ್ಕಿಳಿಸಿ ಪುನಃ ಬಗ್ಗಿ ಎತ್ತುವ ಕಷ್ಟ ತಪ್ಪುತ್ತಿತ್ತು. ಕಾರ್ಯಕರ್ತರು ಇದರಿಂದ ಕಲಿಯಬೇಕಾದುದು ಇದು: ಸಾಮಾನುಗಳನ್ನು ನೆಲದ ಮೇಲೆ ಹರಡದೆ, ಆದಷ್ಟೂ ಸೊಂಟದ ಎತ್ತರದ ಮೇಜು ಬೆಂಚುಗಳ ಮೇಲೆ ಜೋಡಿಸಿಡಬೇಕು.

ಇಬ್ಬರು ಹೊತ್ತಾಗ

ಒಬ್ಬನಿಗೆ ಆಗದ ಹೊರೆಯನ್ನು ಇಬ್ಬರು ಹೊರುತ್ತಾರೆ. ಆದರೆ ಇಬ್ಬರು ಹೊತ್ತಾಗ ಭಾರ ಸರಿಪಾಲಾಗುವುದೆಂಬ ನಂಬಿಕೆ ತಪ್ಪು. ಮೂರು ಮೀಟರ್ ಉದ್ದದ ಗಳುವಿನ ಎರಡು ತುದಿಗಳನ್ನು ಇಬ್ಬರು ಹೆಗಲ ಮೇಲಿಟ್ಟುಕೊಂಡು, ಮುಂದಿನವನಿಂದ ಒಂದು ಮೀಟರ್ ದೂರದಲ್ಲಿ 60 ಕಿಲೋಗ್ರಾಂ ಗಂಟನ್ನು ತೂಗುಹಾಕಿದರೆ, ಮುಂದಿನವನಿಗೆ 40 ಕಿಲೋಗ್ರಾಂ, ಹಿಂದಿನವನಿಗೆ 20 ಕಿಲೋಗ್ರಾಂ ಬೀಳುತ್ತದೆ. ಹತ್ತಿರದವನಿಗೆ ಹೆಚ್ಚು, ದೂರದವನಿಗೆ ಕಡಮೆ.

ಎತ್ತರವಾದ ಪೆಟ್ಟಿಗೆಯನ್ನು ಬುಡದಲ್ಲಿ ಹಿಡಿದು ಮೆಟ್ಟಲೇರುವಾಗ ಇನ್ನೊಂದು ವಿಷಯವನ್ನು ಗಮನಿಸಬೇಕು. ಪೆಟ್ಟಿಗೆ ಓರೆಯಾದಂತೆ ಅದರ ಗುರುತ್ವ ಕೇಂದ್ರ ಕೆಳಗಿನವನ ಕಡೆಗೆ ಸರಿಯುತ್ತದೆ. ಹೆಚ್ಚಿನ ಭಾರ ಅವನ ಮೇಲೆ ಬರುತ್ತದೆ. ಆದುದರಿಂದ ಬಲಶಾಲಿಯಾದವನು ಕೆಳಗೆ ಇರಬೇಕು. ಹಲವರು ಕೂಡಿ ಎತ್ತುವಾಗ ಅಪ್ಪಣೆ ಕೊಡುವವನು ಒಬ್ಬನೇ ಇರಬೇಕು. ಕೂಲಿಕಾರರು ಒಟ್ಟಾಗಿ "ಐಸಾ" ಎಂದು ಕೂಗುವುದು ಹುರುಪಿಗಾಗಿ ಮಾತ್ರವಲ್ಲ. ನಾಲ್ವರಲ್ಲಿ ಒಬ್ಬ ಅರ್ಧ ಕ್ಷಣ ಮೊದಲು ಎತ್ತಿದರೂ ಆ ಅರ್ಧ ಕ್ಷಣದಲ್ಲಿ ತನ್ನ ಪಾಲಿಗಿಂತ ಬಹಳ ಹೆಚ್ಚಿನ ಭಾರ ಅವನ ಸೊಂಟದ ಮೇಲೆ ಬೀಳುತ್ತದೆ. ನಮ್ಮ ಮಗ್ಗದ ಹುಡುಗನಿಗೆ ಆದುದೂ ಅದೇ.

ಹಲಗೆ ಮತ್ತು ಹಗ್ಗ

ಆ ಜನರೇಟರನ್ನು ಎತ್ತುವ ಅಗತ್ಯವೇ ಇರಲಿಲ್ಲ. ಲಾರಿಯ ತಳ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದು, 3.6 ಮೀಟರ್ ಉದ್ದದ ಗಟ್ಟಿಯಾದ ಹಲಗೆಯನ್ನು ಓರೆಯಾಗಿ ಆನಿಸಿದರೆ, 120 ಕಿಲೋಗ್ರಾಂ ಭಾರವನ್ನು ಹಲಗೆಯ ಗುಂಟ ಮೇಲೇರಿಸಲು, ಘರ್ಷಣೆಯನ್ನು ಬಿಟ್ಟರೆ, 40 ಕಿಲೋಗ್ರಾಂ ಬಲ ಸಾಕು. ಬಲ ಮೂರನೆಯ ಒಂದು ಪಾಲಾಯಿತು, ದೂರ ಮೂರರಷ್ಟಾಯಿತು. ಒಟ್ಟು ಕೆಲಸ ಅಷ್ಟೇ. ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ, ಆದರೆ ಕಂತಿನಲ್ಲಿ ತೆರಲು ಒಪ್ಪುತ್ತದೆ.

ಜನರೇಟರಿನ ಮರದ ಅಡ್ಡೆಯನ್ನು ಹಲಗೆಯ ಮೇಲೆ ಹಾಗೆಯೇ ಎಳೆದರೆ ಘರ್ಷಣೆಗಾಗಿ ಇನ್ನೂ 40 ಕಿಲೋಗ್ರಾಂನಷ್ಟು ಬಲ ಬೇಕಾಗುತ್ತದೆ. ಕೆಳಗೆ ಎರಡು ಮೂರು ಕಬ್ಬಿಣದ ಕೊಳವೆಗಳನ್ನು ಉರುಳೆಗಳಾಗಿ ಇಟ್ಟರೆ ಈ ಹೆಚ್ಚಿನ ಬಲದ ಬಹುಭಾಗ ಉಳಿಯುತ್ತದೆ. ಆದರೆ ಉರುಳೆಗಳ ಮೇಲಿನ ವಸ್ತು ಹಿಂದಕ್ಕೂ ಅಷ್ಟೇ ಸುಲಭವಾಗಿ ಉರುಳುತ್ತದೆ! ಆದುದರಿಂದ ಹಲಗೆಯ ಕೆಳತುದಿಯಲ್ಲಿ, ಭಾರದ ನೇರಕ್ಕೆ, ಯಾರೂ ನಿಲ್ಲಕೂಡದು. ತಳ್ಳುವುದಕ್ಕಿಂತ ಮೇಲಿನಿಂದ ಹಗ್ಗದಲ್ಲಿ ಎಳೆಯುವುದು ಕ್ಷೇಮ.

ಇಳಿಸುವಾಗ ಇದೇ ಘರ್ಷಣೆಯನ್ನು ಮಿತ್ರನನ್ನಾಗಿ ಮಾಡಿಕೊಳ್ಳಬಹುದು. ಜನರೇಟರಿಗೆ ಕಟ್ಟಿದ ಹಗ್ಗವನ್ನು ಲಾರಿಯ ಮುಂಭಾಗದ ಗಟ್ಟಿಯಾದ ಕಬ್ಬಿಣದ ಕಂಬಕ್ಕೆ ಒಂದು ಸುತ್ತು ಸುತ್ತಿ, ತುದಿಯನ್ನು ಒಬ್ಬನು ಹಿಡಿದುಕೊಳ್ಳಲಿ. ಹಗ್ಗ ಕಂಬವನ್ನು ಸುತ್ತುವಾಗ ಪ್ರತಿಯೊಂದು ಅಂಗುಲದಲ್ಲಿಯೂ ಘರ್ಷಣೆ ಸ್ವಲ್ಪ ಸ್ವಲ್ಪ ಭಾರವನ್ನು ಹೊರುತ್ತದೆ. ಉಳಿದುದರಲ್ಲಿ ಮುಂದಿನ ಅಂಗುಲ ತನ್ನ ಪಾಲನ್ನು ಹೊರುತ್ತದೆ. ಸಾಧಾರಣ ಹಗ್ಗಕ್ಕೆ ಒಂದು ಪೂರ್ಣ ಸುತ್ತಿನಲ್ಲಿ ಬಲವು ಆರೂವರೆಯಷ್ಟು ತಗ್ಗುತ್ತದೆ. ಹಲಗೆಯ ಮೇಲಿನ 40 ಕಿಲೋಗ್ರಾಂ ಎಳೆತವನ್ನು ತಡೆಯಲು ಸುಮಾರು 6 ಕಿಲೋಗ್ರಾಂ ಬಲ ಸಾಕಾಗುತ್ತದೆ. ಎರಡು ಸುತ್ತಾದರೆ ಒಂದು ಕಿಲೋಗ್ರಾಂ! ನಾಲ್ವರು ಗಟ್ಟಿಗರ ಬದಲು ಒಬ್ಬ ಬಾಲಕನೂ ಇಳಿಸಬಹುದು. ಆದರೆ ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು; ಕಂಬಕ್ಕೆ ಒಪ್ಪುವ ಬಿಗಿತ ಬೆರಳಿಗೆ ಒಪ್ಪುವುದಿಲ್ಲ.

ಮುಂಭಾರ, ಹಿಂಭಾರ

ಸಾಮಾನು ಲಾರಿಯನ್ನೇರಿತು. ಅದನ್ನು ಎಲ್ಲಿಡಬೇಕು? ಎತ್ತಿನ ಗಾಡಿಯವನಿಗೆ ಈ ಪ್ರಶ್ನೆಯ ಮಹತ್ವ ಚೆನ್ನಾಗಿ ತಿಳಿದಿತ್ತು. ಅಚ್ಚಿನ ಮುಂದೆ ಹೆಚ್ಚು ಹೇರಿದರೆ ಮುಂಭಾರವಾಗಿ ನೊಗ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂದೆ ಹೆಚ್ಚು ಹೇರಿದರೆ ಹಿಂಭಾರವಾಗಿ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಅಚ್ಚಿನಿಂದ ತುಸುವೇ ಮುಂದೆ ಭಾರದ ಕೇಂದ್ರ ಬರುವಂತೆ ಹೇರುವುದೇ ಜಾಣತನವಾಗಿತ್ತು. ಟ್ರಾಕ್ಟರಿನ ಹಿಂದೆ ಕಟ್ಟುವ ಎರಡು ಗಾಲಿಯ ಟ್ರೈಲರಿಗೂ ಇದೇ ನಿಯಮ. ಅದರ ಹಿಂತುದಿಯಲ್ಲಿ ಭಾರವಾದರೆ ಟ್ರಾಕ್ಟರಿನ ಹಿಂಗಾಲಿಗಳು ಮೇಲೆತ್ತಲ್ಪಟ್ಟು ನೆಲದ ಹಿಡಿತ ತಪ್ಪುತ್ತದೆ.

ಲಾರಿಗೆ ನಾಲ್ಕು ಮೂಲೆಗಳಲ್ಲಿಯೂ ಗಾಲಿಯಿದ್ದರೂ ಸನ್ನೆಯ ನಿಯಮ ತಪ್ಪದು. ಎರಡು ಅಚ್ಚುಗಳ ನಡುವೆ 3 ಮೀಟರ್ ಅಂತರವಿದೆಯೆನ್ನೋಣ. ಹಿಂದಿನ ಅಚ್ಚಿಗೂ ಹಿಂದೆ ಒಂದು ಮೀಟರ್ ದೂರದಲ್ಲಿ 500 ಕಿಲೋಗ್ರಾಂ ಭಾರವನ್ನಿಟ್ಟರೆ, ಹಿಂದಿನ ಅಚ್ಚಿನ ಮೇಲೆ ಸುಮಾರು 667 ಕಿಲೋಗ್ರಾಂ ಹೆಚ್ಚುತ್ತದೆ. ಮುಂದಿನ ಅಚ್ಚಿನ ಮೇಲೆ 167 ಕಿಲೋಗ್ರಾಂ ಕಡಮೆಯಾಗುತ್ತದೆ. ವಾಹನವನ್ನು ತಿರುಗಿಸುವುದು ಮುಂದಿನ ಗಾಲಿಗಳು. ಅವುಗಳ ಮೇಲೆ ಭಾರ ಕಡಮೆಯಾದಷ್ಟೂ ಚಾಲಕನ ಕೈಯಲ್ಲಿ ಚಕ್ರ ಹಗುರವಾಗುತ್ತದೆ, ಲಾರಿ ಹೇಳಿದ ಮಾತು ಕೇಳುವುದಿಲ್ಲ.

ಭಾರವನ್ನು ಹಲವು ಗಾಲಿಗಳಿಗೆ ಹಂಚುವ ಕಲೆಯ ಪರಾಕಾಷ್ಠೆಯನ್ನು 2022ರಲ್ಲಿ ಕಂಡೆವು. ದೆಹಲಿಯ ನೇತಾಜಿ ಪ್ರತಿಮೆಗಾಗಿ 280 ಟನ್ ತೂಕದ ಒಂದೇ ಗ್ರಾನೈಟ್ ಬಂಡೆಯನ್ನು ತೆಲಂಗಾಣದ ಖಮ್ಮಂನಿಂದ 1,665 ಕಿಲೋಮೀಟರ್ ದೂರ ಸಾಗಿಸಲಾಯಿತು. ಪ್ರತಿಮೆಯನ್ನು ಕಡೆದವರ ತಂಡಕ್ಕೆ ಮುಖ್ಯರಾಗಿದ್ದವರು ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್. ಬಂಡೆಯನ್ನು ಹೊತ್ತ ವಾಹನಕ್ಕೆ 140 ಗಾಲಿಗಳಿದ್ದವು. ವಾಹನದ ಸ್ವಂತ ತೂಕವನ್ನು ಬಿಟ್ಟರೆ ಗಾಲಿಯೊಂದಕ್ಕೆ ಎರಡೇ ಟನ್! ಒಡೆಯಲಾಗದ ಭಾರವನ್ನು ಹಂಚಿದರು; ಒಡೆಯಬಹುದಾದುದನ್ನು ಒಡೆದೇ ಸಾಗಿಸುವುದು ಮೇಲು. ದೇವನಹಳ್ಳಿಯ ವಿಮಾನ ನಿಲ್ದಾಣದ ಆವರಣದಲ್ಲಿ 2022ರ ನವೆಂಬರ್ 11ರಂದು ಅನಾವರಣಗೊಂಡ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆಗೆ 98 ಟನ್ ಕಂಚು, 120 ಟನ್ ಉಕ್ಕು ಹಿಡಿಯಿತು. ಅದರ ಖಡ್ಗವೊಂದೇ 4 ಟನ್. ಅದು ದೆಹಲಿಯಿಂದ ಪ್ರತ್ಯೇಕವಾಗಿ ಲಾರಿಯ ಮೇಲೆ ಬಂದಿತು. ನಮ್ಮ ನಾಟಕದ ಸಿಂಹಾಸನಕ್ಕೂ ಇದೇ ನ್ಯಾಯ: ಬಿಚ್ಚಿ ಜೋಡಿಸುವಂತೆ ಮಾಡಿಸಿದರೆ ನಾಲ್ವರ ಹೊರೆ ಒಬ್ಬೊಬ್ಬರ ಹೊರೆಯಾಗುತ್ತದೆ.

ಎತ್ತರದ ಅಪಾಯ

ಲಾರಿ ಏಕೆ ಮಗುಚುತ್ತದೆ? ಇದನ್ನು ತಿಳಿಯಲು ಒಂದು ಬೆಂಕಿಪೊಟ್ಟಣ ಸಾಕು. ಖಾಲಿ ಪೊಟ್ಟಣದ ಒಳಗೆ ಒಂದು ತುದಿಯಲ್ಲಿ ಎರಡು ನಾಣ್ಯಗಳನ್ನು ಅಲುಗದಂತೆ ಸಿಕ್ಕಿಸಿ. ನಾಣ್ಯಗಳಿರುವ ತುದಿ ಕೆಳಗೆ ಬರುವಂತೆ ಪೊಟ್ಟಣವನ್ನು ಒಂದು ರಟ್ಟಿನ ಮೇಲೆ ನೆಟ್ಟಗೆ ನಿಲ್ಲಿಸಿ, ಜಾರದಂತೆ ಅದರ ಬುಡಕ್ಕೆ ಒಂದು ಕಡ್ಡಿಯನ್ನು ಅಂಟಿಸಿ, ರಟ್ಟನ್ನು ಮೆಲ್ಲನೆ ಓರೆಮಾಡಿ. ಎಷ್ಟು ಓರೆಯಾದಾಗ ಪೊಟ್ಟಣ ಬೀಳುವುದೆಂದು ಗುರುತು ಹಾಕಿಕೊಳ್ಳಿ. ಈಗ ನಾಣ್ಯಗಳಿರುವ ತುದಿಯನ್ನು ಮೇಲಕ್ಕೆ ಮಾಡಿ ನಿಲ್ಲಿಸಿ ನೋಡಿ. ಮೊದಲಿಗಿಂತ ಬೇಗನೆ ಬೀಳುತ್ತದೆ. ಪೊಟ್ಟಣದ ತೂಕ ಒಂದೇ, ಆಕಾರ ಒಂದೇ. ಗುರುತ್ವ ಕೇಂದ್ರದ ಎತ್ತರ ಮಾತ್ರ ಬೇರೆ.

ತಿರುವಿನಲ್ಲಿ ಲಾರಿ ಪಕ್ಕಕ್ಕೆ ಹೊರಳಿದರೂ ಅದರ ಮೇಲಿನ ಭಾರ ಜಡತ್ವದಿಂದ ನೇರವಾಗಿಯೇ ಮುಂದುವರಿಯಲು ಯತ್ನಿಸುತ್ತದೆ. ಗುರುತ್ವ ಕೇಂದ್ರ ಎತ್ತರದಲ್ಲಿದ್ದಷ್ಟೂ ಈ ಯತ್ನ ಲಾರಿಯನ್ನು ಹೊರಬದಿಗೆ ಉರುಳಿಸಲು ಉದ್ದನೆಯ ಸನ್ನೆಯಾಗುತ್ತದೆ. ಎಡಬಲ ಗಾಲಿಗಳ ನಡುವಣ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಲಾರಿಯ ಸ್ಥಿರತೆಗೆ ಒಂದು ಅಳತೆ ಸಿಗುತ್ತದೆ.

ಖಾಲಿ ಲಾರಿ 3,000 ಕಿಲೋಗ್ರಾಂ, ಅದರ ಗುರುತ್ವ ಕೇಂದ್ರ ನೆಲದಿಂದ 0.8 ಮೀಟರ್, ಎಡಬಲ ಗಾಲಿಗಳ ಅಂತರ 1.6 ಮೀಟರ್, ಹೇರು 2,000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಭಾರವಾದ ಜನರೇಟರು, ಕಬ್ಬಿಣದ ಕಂಬಗಳು ತಳದಲ್ಲಿದ್ದು, ಹೇರಿನ ಕೇಂದ್ರ 1.4 ಮೀಟರ್ ಎತ್ತರದಲ್ಲಿದ್ದರೆ, ಒಟ್ಟು ಗುರುತ್ವ ಕೇಂದ್ರ 1.04 ಮೀಟರಿನಲ್ಲಿರುತ್ತದೆ. ಅವಸರದಲ್ಲಿ ಪರದೆಗಳನ್ನೂ ಬಿದಿರಿನ ಚೌಕಟ್ಟುಗಳನ್ನೂ ಮೊದಲು ತುಂಬಿ, ಭಾರವಾದವುಗಳನ್ನು ಮೇಲೆ ಹೇರಿದಾಗ ಹೇರಿನ ಕೇಂದ್ರ 2 ಮೀಟರಿಗೇರಿತೆನ್ನೋಣ. ಒಟ್ಟು ಕೇಂದ್ರ 1.28 ಮೀಟರಿಗೆ ಏರಿತು. ಇದರ ಮೇಲೆ ತಲಾ 60 ಕಿಲೋಗ್ರಾಂನ ಹತ್ತು ಮಂದಿ 3 ಮೀಟರ್ ಎತ್ತರದಲ್ಲಿ ಕುಳಿತರೆ 1.46 ಮೀಟರಾಯಿತು. ಇಪ್ಪತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲನೆಯ ಲಾರಿ ಮಗುಚುವ ವೇಗ ಗಂಟೆಗೆ ಸುಮಾರು 44 ಕಿಲೋಮೀಟರ್, ಎರಡನೆಯದಕ್ಕೆ 40, ಮೂರನೆಯದಕ್ಕೆ 37.

ಅಂತರ ಇಷ್ಟೇ ತಾನೆ ಎಂದು ಯಾರೂ ಸಮಾಧಾನಪಡಬಾರದು. ಲಾರಿ ಬಗ್ಗದ ಬಳುಕದ ಗಟ್ಟಿ ಪೆಟ್ಟಿಗೆಯೆಂದು ಭಾವಿಸಿ ಮಾಡಿದ ಲೆಕ್ಕವಿದು. ನಿಜವಾದ ಲಾರಿಯಲ್ಲಿ ಸ್ಪ್ರಿಂಗುಗಳು ಒಂದು ಬದಿಗೆ ಕುಗ್ಗುತ್ತವೆ, ಹಗ್ಗ ಸಡಿಲವಾದ ಹೇರು ವಾಲುತ್ತದೆ, ಮೇಲೆ ಕುಳಿತವರು ಎಲ್ಲರೂ ಒಟ್ಟಿಗೆ ಹೊರಬದಿಗೆ ಓಲುತ್ತಾರೆ. ಇವೆಲ್ಲವೂ ಸೇರಿದಾಗ ಲಾರಿ ಲೆಕ್ಕ ಹೇಳಿದುದಕ್ಕಿಂತ ಬಹಳ ಮೊದಲೇ ಮಗುಚುತ್ತದೆ. ಎತ್ತರವಾದ ಹೇರಿಗಂತೂ ಈ ನಷ್ಟ ಇನ್ನೂ ಹೆಚ್ಚು. ಅಲ್ಲದೆ ಹೇರಿನ ನೆತ್ತಿಯಲ್ಲಿರುವವರಿಗೆ ರಸ್ತೆಗೆ ಅಡ್ಡಲಾದ ವಿದ್ಯುತ್ ತಂತಿಯ ಭಯವೂ ಉಂಟು; ಕಬ್ಬಿಣದ ಕೊಳವೆಗಳನ್ನು ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದುಕೊಳ್ಳುವುದಂತೂ ಸಾವನ್ನು ಕರೆದಂತೆ. ಸರಕಿನ ವಾಹನದಲ್ಲಿ ಹೀಗೆ ಜನರನ್ನು ತುಂಬುವುದನ್ನು ಕಾನೂನೂ ಒಪ್ಪುವುದಿಲ್ಲ. ಜನರಿಗೆ ಬಸ್ಸು, ಸಾಮಾನಿಗೆ ಲಾರಿ. ಈ ವಿಂಗಡಣೆಯ ಖರ್ಚನ್ನು ಸಮಾವೇಶದ ಆಯವ್ಯಯದಲ್ಲಿ ಮೊದಲೇ ಬರೆದಿಡಬೇಕು.

ಕುಡಿಯುವ ನೀರಿನ ಪೀಪಾಯಿಗಳನ್ನು ಅರ್ಧ ತುಂಬಿ ಒಯ್ಯುವುದೂ ಒಳ್ಳೆಯದಲ್ಲ. ತಿರುವಿನಲ್ಲಿ ನೀರು ಹೊರಬದಿಗೆ ನುಗ್ಗಿ ಭಾರವನ್ನು ತಾನೇ ಸರಿಸುತ್ತದೆ. ಪೀಪಾಯಿ ಪೂರ್ತಿ ತುಂಬಿರಲಿ, ಇಲ್ಲವೆ ಖಾಲಿಯಿರಲಿ.

ಲಾರಿ ನಿಂತರೂ ನಿಲ್ಲದ ಪೆಟ್ಟಿಗೆ

ಗಂಟೆಗೆ 36 ಕಿಲೋಮೀಟರ್ ವೇಗದ ಲಾರಿಯ ಮುಂದೆ ಎಮ್ಮೆಯೊಂದು ಅಡ್ಡಬಂದು, ಚಾಲಕನು 10 ಮೀಟರ್ ದೂರದಲ್ಲಿ ನಿಲ್ಲಿಸಿದನೆನ್ನೋಣ. ಆಗ 100 ಕಿಲೋಗ್ರಾಂ ತೂಕದ ಟ್ರಂಕು ಸುಮಾರು 50 ಕಿಲೋಗ್ರಾಂ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಕಬ್ಬಿಣದ ತಳದ ಮೇಲಿನ ಘರ್ಷಣೆ ತಡೆಯಬಲ್ಲದು 30 ಕಿಲೋಗ್ರಾಂ ಮಾತ್ರ. ಉಳಿದ 20 ಕಿಲೋಗ್ರಾಂ ಬಲವನ್ನು ಯಾರು ತಡೆಯಬೇಕು? ಟ್ರಂಕಿನ ಮುಂದೆ ಮನುಷ್ಯನಿದ್ದರೆ ಅವನೇ ತಡೆಯಬೇಕಾಗುತ್ತದೆ.

ಇದಕ್ಕೆ ಮೂರು ಉಪಾಯಗಳಿವೆ. ಒಂದು, ಭಾರವಾದ ವಸ್ತುಗಳನ್ನು ಮುಂಗೋಡೆಗೆ ಒತ್ತಾಗಿ, ನಡುವೆ ಸಂದು ಬಿಡದೆ ಜೋಡಿಸುವುದು. ಎರಡು, ತಳದ ಮೇಲೆ ಹಳೆಯ ರಬ್ಬರ್ ಹಾಸನ್ನು ಹಾಸಿ ಘರ್ಷಣೆಯನ್ನು ಹೆಚ್ಚಿಸುವುದು. ಮೂರು, ಹಗ್ಗದಿಂದ ಬಿಗಿಯುವುದು. ಟ್ರಂಕಿನ ಮೇಲೆ ಹಾಯ್ದ ಹಗ್ಗ ಅದನ್ನು 70 ಕಿಲೋಗ್ರಾಂ ಬಲದಿಂದ ಕೆಳಕ್ಕೆ ಅದುಮಿದರೆ, ತಳದ ಮೇಲಿನ ಒತ್ತಡ 170 ಕಿಲೋಗ್ರಾಂ ಆಗಿ, ಘರ್ಷಣೆ 51 ಕಿಲೋಗ್ರಾಂಗೆ ಏರುತ್ತದೆ; ಟ್ರಂಕು ಕದಲುವುದಿಲ್ಲ. ಹಗ್ಗದ ಕೆಲಸ ವಸ್ತುವನ್ನು ಹಿಡಿದೆಳೆಯುವುದಕ್ಕಿಂತ ಹೆಚ್ಚಾಗಿ ಅದನ್ನು ಅದುಮಿ ಘರ್ಷಣೆಯನ್ನು ಹೆಚ್ಚಿಸುವುದೇ ಆಗಿದೆ. ಆದುದರಿಂದ ಹಗ್ಗ ಆದಷ್ಟು ಕಡಿದಾಗಿ ಕೆಳಗಿಳಿದು ಬದಿಯ ಕೊಂಡಿಗೆ ಸೇರಬೇಕು. ಹೊರಟ ಮೇಲೆ ಕುಲುಕಾಟದಿಂದ ಹೇರು ಕುಗ್ಗುತ್ತದೆ, ನೈಲಾನ್ ಹಗ್ಗ ಹಿಗ್ಗುತ್ತದೆ. ಮೊದಲ ನಾಲ್ಕೈದು ಕಿಲೋಮೀಟರ್ ಹೋದೊಡನೆ ಲಾರಿಯನ್ನು ನಿಲ್ಲಿಸಿ ಹಗ್ಗಗಳನ್ನು ಮತ್ತೊಮ್ಮೆ ಬಿಗಿಯುವ ಪದ್ಧತಿಯನ್ನು ತಪ್ಪದೆ ಪಾಲಿಸಬೇಕು.

ಒಡೆಯುವ ವಸ್ತುಗಳಿಗೆ ಬಿಗಿಯೊಂದೇ ಸಾಲದು, ಮೆತ್ತೆಯೂ ಬೇಕು. ಹಾರ್ಮೋನಿಯಂ ಪೆಟ್ಟಿಗೆ 30 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿದ್ದು 3 ಮಿಲಿಮೀಟರ್ ಅಂತರದಲ್ಲಿ ನಿಂತರೆ, ಅದಕ್ಕೆ ತನ್ನ ತೂಕದ ನೂರರಷ್ಟು ಬಲದ ಪೆಟ್ಟು ತಗಲುತ್ತದೆ. ಕೆಳಗೆ ಹುಲ್ಲು ಹಾಸಿದ್ದು, 3 ಸೆಂಟಿಮೀಟರ್ ಅಂತರದಲ್ಲಿ ನಿಂತರೆ ಪೆಟ್ಟು ಹತ್ತರಷ್ಟಕ್ಕೆ ಇಳಿಯುತ್ತದೆ. ಹುಲ್ಲು ಮಾಡುವ ಉಪಕಾರ ಇಷ್ಟೇ: ನಿಲ್ಲಲು ತುಸು ಹೆಚ್ಚು ದೂರ ಕೊಡುತ್ತದೆ. ಮಡಿಸಿದ ಪರದೆಗಳನ್ನೇ ಮೆತ್ತೆಯಾಗಿ ಬಳಸಿದರೆ ಒಂದು ಕೆಲಸದಲ್ಲಿ ಎರಡು ಕೆಲಸವಾಯಿತು. ಜನರೇಟರನ್ನು ಮಾತ್ರ ಚೆನ್ನಾಗಿ ಆರಿದ ಮೇಲೆಯೇ ಹೇರಬೇಕು. ಬಿಸಿಯಾದ ಯಂತ್ರದ ಬಳಿ ಪರದೆಯಾಗಲಿ ಟಾರ್ಪಾಲಾಗಲಿ ಇರಕೂಡದು.

ಕ್ರಮವೇ ಅರ್ಧ ಬಲ

ಕೊನೆಯದಾಗಿ ಕ್ರಮದ ವಿಚಾರ. ಊರು ತಲಪಿದೊಡನೆ ಮೊದಲು ಬೇಕಾಗುವುದು ರಂಗದ ಕಂಬ ಹಲಗೆಗಳು; ಕಿರೀಟ ಗದೆಗಳು ಬೇಕಾಗುವುದು ಸಂಜೆಗೆ. ಮೊದಲು ಬೇಕಾದುದನ್ನು ಕೊನೆಗೆ ಹೇರಿದರೆ ಮೊದಲಿಗೇ ಕೈಗೆ ಸಿಗುತ್ತದೆ. ಆದರೆ ಕಂಬಗಳು ಭಾರವಾದುವು, ತಳದಲ್ಲಿರಬೇಕಾದುವು. ಹಾಗಾದರೆ ಇವೆರಡು ನಿಯಮಗಳಿಗೂ ವಿರೋಧ ಬಂದಿತಲ್ಲವೆ? ಕಂಬಗಳನ್ನು ತಳದಲ್ಲಿಯೇ ಒಂದು ಬದಿಯ ಉದ್ದಕ್ಕೆ, ಅವುಗಳಷ್ಟೇ ಭಾರದ ಹಲಗೆಗಳನ್ನು ಇನ್ನೊಂದು ಬದಿಯ ಉದ್ದಕ್ಕೆ ಹಾಕಿ, ಹಿಂಬಾಗಿಲಿನಿಂದ ನೇರವಾಗಿ ಎಳೆಯುವಂತೆ ಮಾಡಿದರೆ ವಿರೋಧ ಪರಿಹಾರವಾಗುತ್ತದೆ. ಇಂತಹ ಯೋಚನೆಯನ್ನು ಹಿಂದಿನ ದಿನವೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಪ್ರತಿಯೊಂದು ಪೆಟ್ಟಿಗೆಗೂ ಸಂಖ್ಯೆ ಮತ್ತು ತೂಕವನ್ನು ಬರೆದಿರಬೇಕು.

ಒಂದೇ ಅಳತೆಯ ಪೆಟ್ಟಿಗೆಗಳ ಮಹಿಮೆಯನ್ನು ಜಗತ್ತು ಅರಿತದ್ದು ಇತ್ತೀಚೆಗೆ. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಉದ್ಯಮಿಯ 'ಐಡಿಯಲ್ ಎಕ್ಸ್' ಹಡಗು 58 ದೊಡ್ಡ ಪೆಟ್ಟಿಗೆಗಳನ್ನು ಹೊತ್ತು ನ್ಯೂವಾರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಸಾಮಾನನ್ನು ಬಿಡಿಬಿಡಿಯಾಗಿ ಹೇರಿ ಇಳಿಸುವ ಬದಲು ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ ವರ್ಗಾಯಿಸುವ ಈ ಪದ್ಧತಿ ಪ್ರಪಂಚದ ವ್ಯಾಪಾರವನ್ನೇ ಬದಲಿಸಿತು. ಹೊಸಕೋಟೆಗೆ ಸಮೀಪದ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ನಿಲ್ದಾಣಕ್ಕೆ ಹೋಗಿಬರುವ ಲಾರಿಗಳ ಮೇಲೆ ಕಾಣುವ ಪೆಟ್ಟಿಗೆಗಳು ಇದರ ಸಂತಾನವೇ. ನಾಟಕದ ತಂಡಗಳೂ ತಮ್ಮ ಸಾಮಾನುಗಳಿಗೆ ಒಂದೇ ಅಳತೆಯ, ಹಿಡಿಗಳಿರುವ, ತುಂಬಿದಾಗ 20 ಕಿಲೋಗ್ರಾಂ ಮೀರದ ಪೆಟ್ಟಿಗೆಗಳನ್ನು ಮಾಡಿಸಿಕೊಂಡರೆ ಎಷ್ಟೋ ಬೆನ್ನುಗಳು ಉಳಿಯುತ್ತವೆ.

ಆ ಮಗ್ಗದ ಹುಡುಗ ಈಗ ಗುಣಹೊಂದಿ ಕೆಲಸಕ್ಕೆ ಹೋಗುತ್ತಿದ್ದಾನೆ. ಭೀಮನ ಪಾತ್ರವನ್ನು ಮಾತ್ರ ಬಿಟ್ಟುಕೊಟ್ಟಿದ್ದಾನೆ. ಗದೆಯೆತ್ತಿ ಕುಣಿಯಲು ಸೊಂಟ ಒಪ್ಪುವುದಿಲ್ಲ. ಈಗ ಅವನ ಸ್ಥಾನ ಲಾರಿಯ ಹಿಂಬಾಗಿಲ ಬಳಿ, ಕೈಯಲ್ಲೊಂದು ಪಟ್ಟಿ ಹಿಡಿದು. ಹಲಗೆಯಿಡದೆ ಜನರೇಟರನ್ನು ಮುಟ್ಟಲು ಅವನು ಯಾರನ್ನೂ ಬಿಡುವುದಿಲ್ಲ. ಹೇರಿನ ಮೇಲೆ ಯಾರಾದರೂ ಹತ್ತಿದರೆ ಇಳಿಯುವವರೆಗೆ ಲಾರಿ ಹೊರಡದು. ಹೊಸದಾಗಿ ಬಂದ ಹುಡುಗರು ಇದೆಲ್ಲ ಅತಿಯಾಯಿತೆಂದು ಗೊಣಗುವುದುಂಟು. ಅವನು ಅದಕ್ಕೆ ಉತ್ತರ ಕೊಡುವುದಿಲ್ಲ. ಹತ್ತಿರ, ತಗ್ಗು, ಬಿಗಿ ಎಂಬ ಮೂರು ಮಾತುಗಳನ್ನು ತನ್ನ ಪಟ್ಟಿಯ ತಲೆಯಲ್ಲಿ ಬರೆದುಕೊಂಡಿದ್ದಾನೆ. ಮುಂದಿನ ಸಮಾವೇಶಕ್ಕೆ ಹೊರಡುವ ಕಾರ್ಯಕರ್ತರೂ ಹಾಗೆಯೇ ಬರೆದುಕೊಳ್ಳಲಿ.